ಗಾಲ್ಬ್ರೈತ್ ಅರ್ಥಶಾಸ್ತ್ರಜ್ಞರೋ, ಬರೀ ಬರಹಗಾರರೋ?

ಪ್ರಶ್ನೆ: ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಜಾನ್ ಕೆನೆತ್ ಗಾಲ್ಬ್ರೈತ್ ಬಗ್ಗೆ ಸೆಮಿನಾರ್ ಕೊಡಬೇಕಿದೆ. ನಮ್ಮ ಮೇಷ್ಟ್ರು, "ಅವರು ಅರ್ಥಶಾಸ್ತ್ರಜ್ಞರೇ ಅಲ್ಲ, ಒಳ್ಳೆಯ ಬರಹಗಾರ ಅಷ್ಟೇ" ಅಂತಾರೆ. ಆದರೆ ನೆಹರು ಕಾಲದ ಯಾವ ಪುಸ್ತಕ ತೆಗೆದರೂ ಇವರ ಹೆಸರು ಇರುತ್ತದೆ. ಇಷ್ಟು ಪ್ರಸಿದ್ಧರಾದವರಿಗೆ ನೊಬೆಲ್ ಯಾಕೆ ಬರಲಿಲ್ಲ? ಜ್ಯೋತಿಷ್ಯಕ್ಕೆ ಮರ್ಯಾದೆ ಬರಲಿ ಅಂತಲೇ ಆರ್ಥಿಕ ಮುನ್ಸೂಚನೆ ಹುಟ್ಟಿದ್ದು ಎಂಬ ಮಾತು ಇವರದೇನಾ? ಎಲ್ಲಿಂದ ಓದಲು ಶುರುಮಾಡಲಿ?

ಉತ್ತರ: ಸುಲಭದ್ದನ್ನು ಮೊದಲು ಮುಗಿಸಿಬಿಡೋಣ. ಜ್ಯೋತಿಷ್ಯದ ಮಾತು ಗಾಲ್ಬ್ರೈತ್ ಅವರದಲ್ಲ. ಅದು ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ಎಜ್ರಾ ಸಾಲಮನ್ ಎಂಬ ಅರ್ಥಶಾಸ್ತ್ರಜ್ಞರದ್ದು. ಯಾರು ಯಾವ ಚುರುಕು ಮಾತು ಆಡಿದರೂ ಅದು ಗಾಲ್ಬ್ರೈತ್ ಖಾತೆಗೆ ಜಮಾ ಆಗಿಬಿಡುತ್ತದೆ. ಸೆಮಿನಾರಿನಲ್ಲಿ ಅದನ್ನು ಹಾಕಬೇಡಿ.

ಇನ್ನು ನಿಮ್ಮ ಮೇಷ್ಟ್ರ ಮಾತು. ಅದು ಅವರೊಬ್ಬರ ಅಭಿಪ್ರಾಯ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ 1990ರ ದಶಕದಲ್ಲಿ ಹೆಚ್ಚುಕಮ್ಮಿ ಇದನ್ನೇ ಬರೆದರು. ವಿಶ್ವವಿದ್ಯಾಲಯದ ಸಹೋದ್ಯೋಗಿಗಳು ಗಾಲ್ಬ್ರೈತ್ ಅವರನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಅವರು ಮಾಧ್ಯಮದ ವ್ಯಕ್ತಿ ಎಂದರು. ಆದರೆ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘವಾದ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ 1972ರಲ್ಲಿ ಇದೇ ಮನುಷ್ಯನನ್ನು ಅಧ್ಯಕ್ಷರನ್ನಾಗಿ ಕೂರಿಸಿತ್ತು. ಗಂಭೀರವಾಗಿ ತೆಗೆದುಕೊಳ್ಳದವರನ್ನು ಯಾರೂ ಆ ಕುರ್ಚಿಗೆ ಕರೆಯುವುದಿಲ್ಲ, ಅಲ್ವಾ?

ನನ್ನ ಅಭಿಪ್ರಾಯ ಹೀಗಿದೆ. ಗಾಲ್ಬ್ರೈತ್ ಅಪ್ಪಟ ಅರ್ಥಶಾಸ್ತ್ರಜ್ಞರೇ. ಆದರೆ ಅವರು ಕಲಿತದ್ದು ಮಾದರಿ, ಸಮೀಕರಣಗಳಿಂದ ಅಲ್ಲ. ಬೆಲೆ ನಿಗದಿ ಮಾಡುವ ಮೇಜಿನ ಹಿಂದೆ ಕೂತು ಕಲಿತವರು ಅವರು. ಅಲ್ಲಿ ಕಂಡದ್ದನ್ನು ಜೀವನಪೂರ್ತಿ ಬೇರೆ ಬೇರೆ ಪುಸ್ತಕಗಳಲ್ಲಿ ಬರೆದರು. ಕಣ್ಣಾರೆ ಕಂಡದ್ದನ್ನು ಬರೆದಾಗ ಅವರನ್ನು ಮೀರಿಸುವವರಿಲ್ಲ. ಅದನ್ನೇ ಎಳೆದು ಇಡೀ ಬಂಡವಾಳಶಾಹಿಗೆ ಸಿದ್ಧಾಂತ ಕಟ್ಟಲು ಹೋದಾಗ ಮಾತ್ರ ಜಾರಿದರು. ಆ ಮೇಜಿನ ಕಥೆ ಗೊತ್ತಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ಅವರು ಹುಟ್ಟಿದ್ದು 1908ರಲ್ಲಿ, ಕೆನಡಾದ ಆಂಟಾರಿಯೋದಲ್ಲಿ, ಅಯೋನಾ ಸ್ಟೇಷನ್ ಎಂಬ ಸಣ್ಣ ಊರಿನ ಹತ್ತಿರ. ಸ್ಕಾಟ್ಲೆಂಡಿನಿಂದ ವಲಸೆ ಬಂದವರ ಮನೆತನ, ಬೇಸಾಯದ ಮನೆ. ಮೊದಲ ಡಿಗ್ರಿ ಗುವೆಲ್ಫ್‌ನ ಕೃಷಿ ಕಾಲೇಜಿನಲ್ಲಿ. 1934ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪಿಎಚ್.ಡಿ., ಅದೂ ಕೃಷಿ ಅರ್ಥಶಾಸ್ತ್ರದಲ್ಲಿ. ಆಮೇಲೆ ಹಾರ್ವರ್ಡ್‌ನಲ್ಲಿ ಮೇಷ್ಟ್ರ ಕೆಲಸ. 1937ರಲ್ಲಿ ಅಮೆರಿಕದ ಪೌರತ್ವ. ಅದೇ ವರ್ಷ, ಆರ್ಥಿಕತೆ ಕುಸಿದಾಗ ಸರ್ಕಾರವೇ ಖರ್ಚು ಮಾಡಬೇಕು ಎಂದ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಬಳಿ ಕಲಿಯೋಣ ಎಂದು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಕೇನ್ಸ್ ಹೃದಯಾಘಾತವಾಗಿ ಮಲಗಿದ್ದರು. ಗುರು ಸಿಗಲಿಲ್ಲ, ಗುರುವಿನ ಸುತ್ತ ಇದ್ದವರು ಸಿಕ್ಕರು. ಅಷ್ಟು ಸಾಕಾಯಿತು.

ಈಗ 1941. ಎರಡನೇ ಮಹಾಯುದ್ಧ ನಡೆಯುತ್ತಿದೆ, ಅಮೆರಿಕ ಇನ್ನೂ ಇಳಿದಿಲ್ಲ, ಆದರೆ ಶಸ್ತ್ರಾಸ್ತ್ರದ ಖರ್ಚಿನಿಂದ ಬೆಲೆಗಳು ಏರತೊಡಗಿವೆ. ರೂಸ್‌ವೆಲ್ಟ್ ಸರ್ಕಾರ ಬೆಲೆ ನಿಯಂತ್ರಣಕ್ಕೆ ಒಂದು ಇಲಾಖೆ ತೆರೆಯಿತು. ಅದರಲ್ಲಿ ಬೆಲೆಗಳ ವಿಭಾಗ ನೋಡಿಕೊಳ್ಳಲು ಬಂದವರು ಗಾಲ್ಬ್ರೈತ್, ವಯಸ್ಸು 32. ಮೊದಲು ಅವರಿಗೂ ಎಲ್ಲ ಬೆಲೆಗಳಿಗೂ ಒಟ್ಟಿಗೇ ಮಿತಿ ಹಾಕುವುದು ಇಷ್ಟವಿರಲಿಲ್ಲ. ಖರ್ಚು ತಗ್ಗಿಸಿ, ತೆರಿಗೆ ಹಾಕಿ, ಕಬ್ಬಿಣ ತಾಮ್ರದಂಥ ಕೆಲವಕ್ಕೆ ಮಾತ್ರ ಮಿತಿ ಇಟ್ಟರೆ ಸಾಕು ಎನ್ನುವುದು ಆಗಿನ ಪಂಡಿತರ ಲೆಕ್ಕ. ಅವರ ಲೆಕ್ಕವೂ ಅದೇ.

ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿಯಾಯಿತು. ಆಗ್ನೇಯ ಏಷ್ಯಾದಿಂದ ಬರುತ್ತಿದ್ದ ರಬ್ಬರ್ ನಿಂತೇಹೋಗುವ ಹಾಗಾಯಿತು. ಕೆಲವೇ ದಿನಗಳಲ್ಲಿ ಹೊಸ ಟೈರುಗಳ ಮಾರಾಟವನ್ನೇ ತಡೆದರು, ಜನವರಿಯಿಂದ ಟೈರಿಗೆ ಪಡಿತರ ಬಂತು. ಆ ಟೈರು ವಿಭಾಗದಲ್ಲಿ ಕೆಲವು ತಿಂಗಳು ಕೆಲಸ ಮಾಡಿದ ಯುವ ವಕೀಲರೊಬ್ಬರ ಹೆಸರು ರಿಚರ್ಡ್ ನಿಕ್ಸನ್. ಮುಂದೆ 1971ರಲ್ಲಿ ಅಧ್ಯಕ್ಷರಾಗಿ ಇಡೀ ಅಮೆರಿಕದ ಬೆಲೆ ಮತ್ತು ಕೂಲಿಗಳನ್ನು 90 ದಿನ ಕಟ್ಟಿಹಾಕಿದವರೂ ಅವರೇ. ಸೆಮಿನಾರಿನಲ್ಲಿ ಯಾರಾದರೂ ತೂಕಡಿಸುತ್ತಿದ್ದರೆ ಇದನ್ನು ಹೇಳಿ.

1942ರ ಏಪ್ರಿಲ್‌ನಲ್ಲಿ ಸಾರ್ವತ್ರಿಕ ಆದೇಶ ಬಂತು. ಮಾರ್ಚ್ ತಿಂಗಳಲ್ಲಿ ಅಂಗಡಿಯವನು ಯಾವ ಗರಿಷ್ಠ ಬೆಲೆಗೆ ಮಾರಿದ್ದನೋ ಅದಕ್ಕಿಂತ ಜಾಸ್ತಿಗೆ ಮಾರುವಂತಿಲ್ಲ. ಇದು ಜಾರಿಯಾದ ಮೇಲೆ ಗಾಲ್ಬ್ರೈತ್ ಒಂದು ವಿಚಿತ್ರ ಗಮನಿಸಿದರು. ಸ್ಟೀಲು, ಟೈರು, ಅಲ್ಯೂಮಿನಿಯಂ, ಇಂಥ ಕಡೆ ನಿಯಂತ್ರಣ ಸಲೀಸಾಗಿ ನಡೆಯಿತು. ಮಾಂಸ, ಬಟ್ಟೆ, ತರಕಾರಿಯಲ್ಲಿ ಸಾಕುಸಾಕಾಯಿತು. ಯಾಕೆ? ಸ್ಟೀಲಿನಲ್ಲಿ ನಾಲ್ಕಾರು ದೊಡ್ಡ ಕಂಪನಿಗಳು. ಅವು ಮೊದಲೇ ಒಂದು ಬೆಲೆ ಗೊತ್ತು ಮಾಡಿಕೊಂಡು ತಿಂಗಳುಗಟ್ಟಲೆ ಅದಕ್ಕೇ ಮಾರುತ್ತಿದ್ದವು. ಬೇಡಿಕೆ ಏರಿದ ದಿನವೇ ಬೆಲೆ ಏರಿಸುತ್ತಿರಲಿಲ್ಲ. ಸರ್ಕಾರದವರು ನಾಲ್ಕು ಜನರನ್ನು ಕರೆದು ಮಾತಾಡಿದರೆ ಮುಗಿಯಿತು. ಮಾಂಸಕ್ಕೆ ಸಾವಿರಾರು ಕಸಾಯಿಖಾನೆ, ಲಕ್ಷಾಂತರ ಅಂಗಡಿ. ಯಾರನ್ನು ಅಂತ ಹಿಡಿಯುತ್ತೀರಿ? ಅಲ್ಲಿ ಪಡಿತರ ಚೀಟಿ ಇಲ್ಲದೆ ಆಗುವುದಿಲ್ಲ. ಹತ್ತು ವರ್ಷದ ನಂತರ ಬರೆದ ಪುಸ್ತಕದಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹೇಳಿದರು: ಮೊದಲೇ ನಿಗದಿಯಾಗಿರುವ ಬೆಲೆಯನ್ನು ನಿಗದಿ ಮಾಡುವುದು ಸುಲಭ.

ಈ ಸಾಲನ್ನು ಸುಮ್ನೆ ಚಮತ್ಕಾರ ಅಂತ ಬಿಟ್ಟುಬಿಡಬೇಡಿ. ನಿಮ್ಮ ಮೊದಲ ವರ್ಷದ ಪಠ್ಯದಲ್ಲಿ ಬೇಡಿಕೆ ಪೂರೈಕೆಯ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ, ಬೆಲೆ ತಾನೇ ಹುಟ್ಟುತ್ತದೆ. ಗಾಲ್ಬ್ರೈತ್ ತಾವು ಕಂಡದ್ದು ಬೇರೆ ಎನ್ನುತ್ತಾರೆ. ಅರ್ಧಕ್ಕರ್ಧ ಆರ್ಥಿಕತೆಯಲ್ಲಿ ಬೆಲೆ ಹುಟ್ಟುವುದಿಲ್ಲ, ಯಾರೋ ಕೂತು ಬರೆಯುತ್ತಾರೆ. ಹಾಗಾದರೆ ಬರೆಯುವ ಅಧಿಕಾರ ಯಾರಿಗಿದೆ? ಅವರ ಎಲ್ಲ ಪುಸ್ತಕಗಳ ಅಡಿಯಲ್ಲೂ ಇರುವ ಪ್ರಶ್ನೆ ಇದೊಂದೇ.

ವ್ಯಾಪಾರಿಗಳು, ಸಂಸದರು, ಪತ್ರಿಕೆಗಳು ಎಲ್ಲರೂ ಬೈದರು. 6 ಅಡಿ 8 ಇಂಚು ಎತ್ತರದ, ನಯವಾಗಿ ಮಾತಾಡಲು ಬಾರದ ಪ್ರೊಫೆಸರ್ ಗುರಿಯಾಗಲು ಹೇಳಿ ಮಾಡಿಸಿದ ಹಾಗಿದ್ದರು. 1943ರ ಮೇ ಕೊನೆಗೆ ರಾಜೀನಾಮೆ ಕೊಡಬೇಕಾಯಿತು. ನಿಯಂತ್ರಣ ಮಾತ್ರ ಉಳಿಯಿತು. ಯುದ್ಧ ಮುಗಿಯುವವರೆಗೂ ಬೆಲೆ ಹತೋಟಿಯಲ್ಲಿತ್ತು, 1946ರಲ್ಲಿ ತೆಗೆದ ಕೂಡಲೇ ಜಿಗಿಯಿತು. ಇದರಿಂದ ನಿಯಂತ್ರಣ ಗೆದ್ದಿತು ಅನ್ನಬಹುದು. ಏರಬೇಕಾದದ್ದು ಮುಂದಕ್ಕೆ ಹೋಯಿತಷ್ಟೇ ಅಂತಲೂ ಅನ್ನಬಹುದು. ಅರ್ಥಶಾಸ್ತ್ರಜ್ಞರು ಎರಡನ್ನೂ ಅಂದಿದ್ದಾರೆ.

ಕೆಲಸ ಹೋದ ಮೇಲೆ ಹೆನ್ರಿ ಲೂಸ್ ಅವರ ಫಾರ್ಚೂನ್ ಪತ್ರಿಕೆ ಸೇರಿದರು. 1948ರವರೆಗೆ ಅಲ್ಲಿದ್ದರು. ದೊಡ್ಡ ಕಂಪನಿಗಳ ಮಾಲೀಕರು ಓದುವ ಪತ್ರಿಕೆಯಲ್ಲಿ ಕೂತು ಅದೇ ಮಾಲೀಕರಿಗೆ ಕೇನ್ಸ್ ಪಾಠ ಹೇಳಿದರು. ಗಾಲ್ಬ್ರೈತ್‌ಗೆ ಬರೆಯಲು ಕಲಿಸಿದ್ದು ನಾನೇ, ಅದಕ್ಕೆ ಇವತ್ತಿಗೂ ಪಶ್ಚಾತ್ತಾಪ ಪಡುತ್ತಿದ್ದೇನೆ ಎಂದು ಲೂಸ್ ಮುಂದೆ ಕೆನಡಿ ಹತ್ತಿರ ಹೇಳಿಕೊಂಡರಂತೆ. ನಡುವೆ 1945ರಲ್ಲಿ ಸರ್ಕಾರ ಇನ್ನೊಂದು ಕೆಲಸ ಕೊಟ್ಟಿತು. ಜರ್ಮನಿಯ ಮೇಲೆ ಹಾಕಿದ ಬಾಂಬುಗಳಿಂದ ನಿಜಕ್ಕೂ ಏನು ಸಾಧಿಸಿದೆವು ಎಂದು ಲೆಕ್ಕ ಹಾಕುವುದು. ಹಿಟ್ಲರನ ಶಸ್ತ್ರಾಸ್ತ್ರ ಮಂತ್ರಿ ಆಲ್ಬರ್ಟ್ ಸ್ಪೀರ್ ಅವರನ್ನು ಪ್ರಶ್ನಿಸಿದ ತಂಡದಲ್ಲಿ ಇವರೂ ಇದ್ದರು. ಲೆಕ್ಕ ಹೊರಬಿದ್ದಾಗ ವಾಯುಸೇನೆಗೆ ಇರಿಸುಮುರಿಸಾಯಿತು. ಬಾಂಬು ಬೀಳುತ್ತಿದ್ದಾಗಲೂ 1944ರವರೆಗೆ ಜರ್ಮನಿಯ ಶಸ್ತ್ರ ಉತ್ಪಾದನೆ ಏರುತ್ತಲೇ ಹೋಗಿತ್ತು. ಹ್ಯಾಂಬರ್ಗ್ ಸುಟ್ಟುಹೋದಾಗ ಹೋಟೆಲು, ಬ್ಯಾಂಕು, ಅಂಗಡಿಗಳು ಮುಚ್ಚಿದವು. ಅಲ್ಲಿ ದುಡಿಯುತ್ತಿದ್ದವರು ಕೆಲಸ ಹುಡುಕಿಕೊಂಡು ಯುದ್ಧದ ಕಾರ್ಖಾನೆಗಳಿಗೇ ಹೋದರು! ನಿಜವಾಗಿ ಪೆಟ್ಟು ಕೊಟ್ಟದ್ದು ತೈಲ ಘಟಕ ಮತ್ತು ರೈಲುಮಾರ್ಗಗಳ ಮೇಲಿನ ದಾಳಿ. ಅದು ತಡವಾಗಿ ಬಂತು. ಈ ಸತ್ಯಕ್ಕೆ ಅವರು ಬೆಲೆಯನ್ನೂ ತೆತ್ತರು. ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಮಾಡಲು ಹೊರಟಾಗ ಮೇಲ್ವಿಚಾರಕ ಮಂಡಳಿಯ ಕೆಲವರು ಅಡ್ಡಗಾಲು ಹಾಕಿದರು. ವಿಶ್ವವಿದ್ಯಾಲಯದ ಅಧ್ಯಕ್ಷ ಕೊನಂಟ್ ಬೆನ್ನಿಗೆ ನಿಂತದ್ದರಿಂದ 1949ರಲ್ಲಿ ಹುದ್ದೆ ಸಿಕ್ಕಿತು.

ನಾನು ಮೇಲೆ ಹೇಳಿದ ಬೆಲೆ ನಿಯಂತ್ರಣದ ಪುಸ್ತಕ, ಎ ಥಿಯರಿ ಆಫ್ ಪ್ರೈಸ್ ಕಂಟ್ರೋಲ್, ಬಂದದ್ದು 1952ರಲ್ಲಿ. ಅರ್ಥಶಾಸ್ತ್ರಜ್ಞರಿಗಾಗಿ ಅರ್ಥಶಾಸ್ತ್ರಜ್ಞರ ಭಾಷೆಯಲ್ಲೇ ಬರೆದದ್ದು. ಓದಿದವರು ಬೆರಳೆಣಿಕೆ. ಅದೇ ವರ್ಷ ಜನಸಾಮಾನ್ಯರಿಗಾಗಿ ಬರೆದ ಅಮೆರಿಕನ್ ಕ್ಯಾಪಿಟಲಿಸಂ ಭರ್ಜರಿಯಾಗಿ ಹೋಯಿತು. ಅಲ್ಲಿಗೆ ಅವರ ದಾರಿ ತೀರ್ಮಾನವಾಯಿತು. ಇನ್ನು ಸಹೋದ್ಯೋಗಿಗಳಿಗಾಗಿ ಬರೆಯುವುದಿಲ್ಲ. ಹೊರಗಿನ ಜನ ಓದಿದರೆ ಒಳಗಿನವರು ಉತ್ತರ ಕೊಡಲೇಬೇಕಾಗುತ್ತದೆ ಎಂಬುದು ಅವರ ಲೆಕ್ಕ.

ನಿಮ್ಮ ಮೇಷ್ಟ್ರು "ಒಳ್ಳೆಯ ಬರಹಗಾರ" ಎನ್ನುವಾಗ ಅದರಲ್ಲಿ ಸ್ವಲ್ಪ ತಾತ್ಸಾರ ಇರುತ್ತದೆ. ಸುಲಭವಾಗಿ ಓದಿಸಿಕೊಂಡು ಹೋಗುವುದು ಸುಲಭವಾಗಿಯೇ ಬಂದಿರಬೇಕು ಅನ್ನುವ ಹಾಗೆ. ಗಾಲ್ಬ್ರೈತ್ ದಿನಾ ಬೆಳಿಗ್ಗೆ ಕೂತು ಬರೆಯುತ್ತಿದ್ದರು. ಬರೆದದ್ದನ್ನು ಮತ್ತೆ ಮತ್ತೆ ತಿದ್ದುತ್ತಿದ್ದರು. ನನ್ನ ಬರಹದಲ್ಲಿ ಎಲ್ಲರೂ ಮೆಚ್ಚುವ ಆ ಸಹಜತೆ ಐದನೇ ಕರಡಿನವರೆಗೂ ಕಾಣಿಸಿಕೊಳ್ಳುವುದಿಲ್ಲ ಎಂದು ಅವರೇ ಹೇಳಿದ್ದಾರೆ.

ಆ ಬರವಣಿಗೆಯ ತುತ್ತತುದಿ ಅಂದರೆ, ನನ್ನ ಮಟ್ಟಿಗೆ, 1955ರ ದ ಗ್ರೇಟ್ ಕ್ರ್ಯಾಶ್ 1929. ಷೇರುಪೇಟೆ ಕುಸಿತದ ಕಥೆ. ಡಾರ್ಟ್‌ಮತ್ ಕಾಲೇಜಿನ ಲೈಬ್ರರಿಯಲ್ಲಿ ಕೂತು ಹಳೆಯ ಪತ್ರಿಕೆ, ದಾಖಲೆ ನೋಡಿ ಬರೆದದ್ದು. ಪುಸ್ತಕ ಹೊರಬರುವ ಹೊತ್ತಿಗೆ, ಮಾರ್ಚ್ 8ರಂದು, ಸೆನೆಟ್ ಸಮಿತಿಯೊಂದು ಅವರನ್ನು ಸಾಕ್ಷಿ ಹೇಳಲು ಕರೆಯಿತು. 1929ರಂಥದ್ದು ಮತ್ತೆ ಆಗಬಹುದೇ? ಆಗಬಹುದು ಅಂದರು. ಅವರು ಮಾತಾಡುತ್ತಿದ್ದಂತೆ ಷೇರುಪೇಟೆ ಬಿದ್ದೇಬಿಟ್ಟಿತು. ಬೈಗುಳದ ಪತ್ರಗಳು ರಾಶಿ ರಾಶಿ ಬಂದವು, ನಿನಗೆ ಕೇಡಾಗಲಿ ಎಂದು ಪ್ರಾರ್ಥಿಸುತ್ತೇವೆ ಎಂದವರೂ ಇದ್ದರು. ಕೆಲವೇ ದಿನಗಳಲ್ಲಿ ಗಾಲ್ಬ್ರೈತ್ ಹಿಮದ ಮೇಲೆ ಸ್ಕೀಯಿಂಗ್ ಮಾಡುವಾಗ ಕಾಲು ಮುರಿದುಕೊಂಡರು. ಪ್ರಾರ್ಥನೆ ಫಲಿಸಿತು ಎಂದು ಮತ್ತಷ್ಟು ಪತ್ರ ಬಂದವಂತೆ. ಹೋಗಲಿ, ದೇವರ ಮೇಲಿನ ನಂಬಿಕೆ ಜಾಸ್ತಿ ಮಾಡಿದೆನಲ್ಲ ಎಂದು ಮುಂದಿನ ಮುದ್ರಣದ ಮುನ್ನುಡಿಯಲ್ಲಿ ನಗಾಡಿದ್ದಾರೆ. ನ್ಯೂಯಾರ್ಕಿನ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಈ ಪುಸ್ತಕ ಯಾಕೆ ಇಟ್ಟಿಲ್ಲ ಅಂತ ಕೇಳಿದರೆ, "ಕ್ರ್ಯಾಶ್ ಅನ್ನೋ ಹೆಸರಿನ ಪುಸ್ತಕ ವಿಮಾನ ನಿಲ್ದಾಣದಲ್ಲಿ ಮಾರೋಕಾಗಲ್ಲ" ಎಂಬ ಉತ್ತರ ಸಿಕ್ಕಿತಂತೆ.

ಈ ಪುಸ್ತಕದ ಒಂದು ಯೋಚನೆಯನ್ನು ಹತ್ತಿರದಿಂದ ನೋಡೋಣ. ಗುಮಾಸ್ತನೊಬ್ಬ ಬ್ಯಾಂಕಿನ ಹಣ ಎಗರಿಸುತ್ತಾನೆ ಅಂದುಕೊಳ್ಳಿ. ಕಳವು ಗೊತ್ತಾಗಲು ತಿಂಗಳೋ ವರ್ಷವೋ ಬೇಕು. ಅಷ್ಟು ದಿನ ಕದ್ದವನ ಜೇಬು ತುಂಬಿದೆ, ಕಳೆದುಕೊಂಡವನಿಗೆ ಕಳೆದುಕೊಂಡದ್ದೇ ಗೊತ್ತಿಲ್ಲ. ಇಬ್ಬರೂ ತಾವು ಶ್ರೀಮಂತರು ಎಂದೇ ಖರ್ಚು ಮಾಡುತ್ತಿದ್ದಾರೆ! ಇನ್ನೂ ಪತ್ತೆಯಾಗದ ಈ ಕಳವಿನ ಮೊತ್ತಕ್ಕೆ ಗಾಲ್ಬ್ರೈತ್ ಬೆಜಲ್ ಎಂದು ಹೆಸರಿಟ್ಟರು. ಒಳ್ಳೆಯ ಕಾಲದಲ್ಲಿ ಹಣ ಸಲೀಸಾಗಿ ಓಡಾಡುತ್ತದೆ, ಜನ ನಂಬುತ್ತಾರೆ, ಆಡಿಟ್ ಸಡಿಲವಾಗುತ್ತದೆ, ಬೆಜಲ್ ಬೆಳೆಯುತ್ತದೆ. ಪೇಟೆ ಬಿದ್ದಾಗ ಎಲ್ಲರೂ ಲೆಕ್ಕಪುಸ್ತಕ ತೆಗೆಯುತ್ತಾರೆ. ಆಗ ಅದು ರಾತ್ರೋರಾತ್ರಿ ಕುಗ್ಗುತ್ತದೆ. ಇದು ಬರೀ ತಮಾಷೆ ಅಲ್ಲ. ಪೇಟೆ ಬಿದ್ದ ಮೇಲೆಯೇ ಹಗರಣಗಳು ಯಾಕೆ ಸಾಲುಸಾಲಾಗಿ ಹೊರಬರುತ್ತವೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ವಿವರಣೆ ನಾನು ಓದಿಲ್ಲ. ಹೂಡಿಕೆದಾರರಿಗೆ ವರ್ಷಗಟ್ಟಲೆ ಮೋಸ ಮಾಡಿದ ಬರ್ನಿ ಮ್ಯಾಡಾಫ್ 2008ರಲ್ಲಿ ಸಿಕ್ಕಿಬಿದ್ದದ್ದೂ ಹೀಗೆಯೇ.

1958ರ ದಿ ಅಫ್ಲುಯೆಂಟ್ ಸೊಸೈಟಿ ಅವರನ್ನು ಮನೆಮಾತಾಗಿಸಿತು. ಬಡತನದ ಬಗ್ಗೆ ಬರೆಯಲು ಹೊರಟವರು ಕೊನೆಗೆ ಸಿರಿತನದ ಬಗ್ಗೆ ಬರೆದರು. ಅದರಲ್ಲಿ ಎಲ್ಲರೂ ಉದಾಹರಿಸುವ ಒಂದು ಚಿತ್ರ ಇದೆ. ಒಂದು ಕುಟುಂಬ ಬಣ್ಣಬಣ್ಣದ, ಎ.ಸಿ. ಇರುವ ಹೊಸ ಕಾರಿನಲ್ಲಿ ಸುತ್ತಾಡಲು ಹೊರಟಿದೆ. ಹಾದುಹೋಗುವ ಊರುಗಳ ರಸ್ತೆ ಕಿತ್ತುಹೋಗಿದೆ, ಎಲ್ಲ ಕಡೆ ಕಸ, ಪಾಳುಬಿದ್ದ ಕಟ್ಟಡ. ಅಂದವಾಗಿ ಪ್ಯಾಕ್ ಮಾಡಿದ ತಿಂಡಿಯನ್ನು ಕೊಳಕು ಹೊಳೆಯ ದಡದಲ್ಲಿ ಕೂತು ತಿನ್ನುತ್ತಾರೆ. ಸ್ವಂತ ಕೈಯಲ್ಲಿ ಎಲ್ಲವೂ ಹೊಸದು, ಎಲ್ಲರಿಗೂ ಸೇರಿದ್ದೆಲ್ಲ ಹಾಳು. ಇದಕ್ಕೆ ಅವರು ಕೊಟ್ಟ ಕಾರಣ ಜಾಹೀರಾತು. ಕಂಪನಿಗಳು ಸರಕಿನ ಜೊತೆಗೆ ಆ ಸರಕಿನ ಆಸೆಯನ್ನೂ ತಯಾರಿಸುತ್ತವೆ, ಶಾಲೆ ಮತ್ತು ಚರಂಡಿಗೆ ಜಾಹೀರಾತು ಕೊಡುವವರಿಲ್ಲ.

ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಹಯೆಕ್ 1961ರಲ್ಲಿ ಇದಕ್ಕೆ ಕೊಟ್ಟ ಉತ್ತರವನ್ನೂ ಓದಿ. ಊಟ ವಸತಿ ಬಿಟ್ಟರೆ ನಮ್ಮ ಬಹುತೇಕ ಆಸೆಗಳು ಇನ್ನೊಬ್ಬರನ್ನು ನೋಡಿ ಕಲಿತವೇ. ಸಂಗೀತ ಕೇಳುವ ಆಸೆ, ಕಾದಂಬರಿ ಓದುವ ಆಸೆ ಕೂಡ. ಕಲಿತ ಆಸೆ ಎಂಬ ಕಾರಣಕ್ಕೆ ಅದು ಮುಖ್ಯವಲ್ಲ ಎಂದರೆ ಸಂಸ್ಕೃತಿಯೇ ಮುಖ್ಯವಲ್ಲ ಎಂದ ಹಾಗಾಯಿತು. ಈ ಒಂದು ಸುತ್ತಿನಲ್ಲಿ ಹಯೆಕ್ ಗೆದ್ದರು ಅನ್ನುವುದು ನನ್ನ ಅನಿಸಿಕೆ. ಆದರೂ ಆ ಹೊಳೆಯ ದಡದ ಚಿತ್ರ ಸುಳ್ಳಾಗಲಿಲ್ಲ.

ಇನ್ನು ಭಾರತ. ನೀವು ಕೇಳಿದ ನೆಹರು ಕಾಲ. ಗಾಲ್ಬ್ರೈತ್ ಮೊದಲು ಇಲ್ಲಿಗೆ ಬಂದದ್ದು ರಾಯಭಾರಿಯಾಗಿ ಅಲ್ಲ. 1956ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರು ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಕರೆಸಿಕೊಂಡಿದ್ದರು. ಎರಡನೇ ಪಂಚವಾರ್ಷಿಕ ಯೋಜನೆಯ ಹೊತ್ತು. ಕೆಲವೇ ತಿಂಗಳ ಹಿಂದೆ, 1955ರಲ್ಲಿ, ಮುಕ್ತ ಮಾರುಕಟ್ಟೆಯ ಪರ ವಾದಿಸುತ್ತಿದ್ದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ದೆಹಲಿಗೆ ಬಂದು ಯೋಜನೆಯ ಭಾರಿ ಕೈಗಾರಿಕೆಯ ಹುಚ್ಚು ಬಿಡಿ ಎಂದು ಟಿಪ್ಪಣಿ ಬರೆದುಕೊಟ್ಟು ಹೋಗಿದ್ದರು. ಮುಂದಿನ ಎರಡು ದಶಕ ಅಮೆರಿಕದ ಟಿ.ವಿ.ಯಲ್ಲಿ ಎದುರುಬದುರಾದ ಇಬ್ಬರೂ ಒಂದು ವರ್ಷದೊಳಗೆ ನಮ್ಮ ಯೋಜನೆಗೆ ಸಲಹೆ ಕೊಟ್ಟಿದ್ದರು ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ.

1961ರಲ್ಲಿ ಅಧ್ಯಕ್ಷ ಕೆನಡಿ ಗಾಲ್ಬ್ರೈತ್ ಅವರನ್ನು ಭಾರತಕ್ಕೆ ರಾಯಭಾರಿ ಮಾಡಿ ಕಳಿಸಿದರು. ಹಾರ್ವರ್ಡ್‌ನಿಂದಲೂ ಕೆನಡಿ ಪರಿಚಯ ಇತ್ತು, ಹಾಗಾಗಿ ವಿದೇಶಾಂಗ ಇಲಾಖೆಯನ್ನು ದಾಟಿ ನೇರವಾಗಿ ಪತ್ರ ಬರೆಯುತ್ತಿದ್ದರು. ಆ ಇಲಾಖೆಯ ಮೂಲಕ ಮಾತಾಡುವುದು ಹೇಗಿರುತ್ತದೆ ಎಂದು ಅವರು ಕೊಟ್ಟ ಉಪಮೆಯನ್ನು ಇಲ್ಲಿ ಬರೆಯುವ ಹಾಗಿಲ್ಲ, ನೀವೇ ಹುಡುಕಿಕೊಳ್ಳಿ. ಭಾರತವನ್ನು "ನಡೆಯುತ್ತಿರುವ ಅರಾಜಕತೆ" ಎಂದು ಕರೆದದ್ದು ಇವರೇ. ಅವರನ್ನು ಕಣ್ಣುಮುಚ್ಚಿ ಸಮಾಜವಾದಿ ಎನ್ನುವವರು ಒಂದು ಮಾತು ಮರೆಯುತ್ತಾರೆ. ಲಾಭದ ಚಿಂತೆಯಿಲ್ಲದೆ, ಸ್ವಾತಂತ್ರ್ಯವೂ ಇಲ್ಲದೆ, ಪ್ರತಿಯೊಂದಕ್ಕೂ ಮಂತ್ರಾಲಯದ ಮುಖ ನೋಡುವ ನಮ್ಮ ಸರ್ಕಾರಿ ಕಾರ್ಖಾನೆಗಳ ರೀತಿಯನ್ನು ಅವರು "ಅಂಚೆ ಕಚೇರಿ ಸಮಾಜವಾದ" ಎಂದು ಗೇಲಿ ಮಾಡಿದ್ದರು. ಸರ್ಕಾರಿ ಕಂಪನಿಯಾದರೂ ಲಾಭ ಮಾಡಲಿ, ಆ ಲಾಭದಿಂದ ಬೆಳೆಯಲಿ ಎಂಬುದು ಅವರ ವಾದ. ಬೊಕಾರೊ ಉಕ್ಕಿನ ಕಾರ್ಖಾನೆಗೆ ಅಮೆರಿಕದ ನೆರವು ಕೊಡಿಸಲು ಒದ್ದಾಡಿದರು. ಅಮೆರಿಕದ ಸಂಸತ್ತು ಒಪ್ಪಲಿಲ್ಲ. 1963ರಲ್ಲಿ ಭಾರತ ಕೋರಿಕೆ ಹಿಂತೆಗೆದುಕೊಂಡಿತು, ಕೊನೆಗೆ ಕಟ್ಟಿಕೊಟ್ಟದ್ದು ಸೋವಿಯತ್ ರಷ್ಯಾ.

ಅವರ ದೊಡ್ಡ ಪರೀಕ್ಷೆ 1962ರ ಅಕ್ಟೋಬರ್. 20ರಂದು ಚೀನಾ ದಾಳಿ ಮಾಡಿತು. ಅದೇ ವಾರ ವಾಷಿಂಗ್ಟನ್ ಪೂರ್ತಿ ಕ್ಯೂಬಾದ ಕ್ಷಿಪಣಿಗಳ ಗಲಾಟೆಯಲ್ಲಿ ಮುಳುಗಿತ್ತು. ದೆಹಲಿಯ ರಾಯಭಾರಿಗೆ ಸೂಚನೆ ಕೊಡಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹೆಚ್ಚಿನ ತೀರ್ಮಾನಗಳನ್ನು ಗಾಲ್ಬ್ರೈತ್ ತಾವೇ ಮಾಡಿದರು. ಮ್ಯಾಕ್‌ಮಹೋನ್ ರೇಖೆಯೇ ಈಶಾನ್ಯದಲ್ಲಿ ಭಾರತ ಚೀನಾ ನಡುವಿನ ಗಡಿ ಎಂದು ಅಮೆರಿಕ ಒಪ್ಪುತ್ತದೆ ಎಂಬ ಹೇಳಿಕೆ ಹೊರಬಂತು. ನವೆಂಬರ್ ಮೊದಲ ವಾರಕ್ಕೆ ವಿಮಾನಗಳಲ್ಲಿ ಶಸ್ತ್ರಾಸ್ತ್ರ ಬಂದಿಳಿಯತೊಡಗಿತು. ಆದರೆ ವಾಯುಪಡೆಯನ್ನು ದಾಳಿಗೆ ಇಳಿಸಬೇಡಿ, ಚೀನಾ ತಿರುಗಿ ನಿಮ್ಮ ನಗರಗಳ ಮೇಲೆ ಬಾಂಬು ಹಾಕೀತು ಎಂದೂ ಅವರೇ ಸಲಹೆ ಕೊಟ್ಟರು. ಭಾರತದ ಸೇನಾ ಇತಿಹಾಸ ಬರೆದವರಲ್ಲಿ ಹಲವರು ಆ ಸಲಹೆಯನ್ನು ಇವತ್ತಿಗೂ ಟೀಕಿಸುತ್ತಾರೆ. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನವಿರಾಮ ಘೋಷಿಸಿತು. ಮರುವರ್ಷ ಜುಲೈನಲ್ಲಿ ಗಾಲ್ಬ್ರೈತ್ ಹಾರ್ವರ್ಡ್‌ಗೆ ಮರಳಿದರು. ನಮ್ಮ ಸರ್ಕಾರ 2001ರಲ್ಲಿ ಪದ್ಮವಿಭೂಷಣ ಕೊಟ್ಟಿತು. ವಿಯೆಟ್ನಾಂನಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ ಎಂದು ಅವರು ಕೆನಡಿಗೆ ಬರೆದದ್ದೂ ಈ ದೆಹಲಿಯ ದಿನಗಳಲ್ಲೇ. ಮುಂದೆ ಅದೇ ಯುದ್ಧದ ವಿಷಯಕ್ಕೆ ಅಧ್ಯಕ್ಷ ಜಾನ್ಸನ್ ಜೊತೆ ಸಂಬಂಧವೇ ಕೆಟ್ಟಿತು.

ಈಗ ನೊಬೆಲ್ ಪ್ರಶ್ನೆ. ಜನಪ್ರಿಯರಾದ್ದರಿಂದ ಬರಲಿಲ್ಲ ಎಂದು ಹಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. 1966ರಿಂದ ನ್ಯೂಸ್‌ವೀಕ್ ಪತ್ರಿಕೆಯಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಮತ್ತು ಫ್ರೀಡ್‌ಮನ್ ಅಂಕಣ ಬರೆಯುತ್ತಿದ್ದರು. ಇಬ್ಬರೂ ಜನಪ್ರಿಯರೇ. ಒಬ್ಬರಿಗೆ 1970ರಲ್ಲಿ, ಇನ್ನೊಬ್ಬರಿಗೆ 1976ರಲ್ಲಿ ನೊಬೆಲ್ ಬಂತು. ಫ್ರೀಡ್‌ಮನ್ ಟಿ.ವಿ.ಯಲ್ಲಿ ಎಷ್ಟೇ ಮಾತಾಡಲಿ, ಅವರ ಹಿಂದೆ 1957ರ ಅನುಭೋಗದ ಸಿದ್ಧಾಂತ ಇತ್ತು. ಅನ್ನಾ ಶ್ವಾರ್ಟ್ಸ್ ಜೊತೆ ಬರೆದ ಅಮೆರಿಕದ ಹಣದ ಇತಿಹಾಸ ಇತ್ತು. ಬೇರೆಯವರು ಅವನ್ನು ಎತ್ತಿಕೊಂಡು ಹೊಸ ಅಂಕಿಅಂಶದ ಮೇಲೆ ಪರೀಕ್ಷೆ ಮಾಡಬಹುದು, ತಪ್ಪು ಎಂದು ತೋರಿಸಬಹುದು. ಗಾಲ್ಬ್ರೈತ್ ಹಾಗೆ ಎತ್ತಿಕೊಳ್ಳಬಹುದಾದ ಸಲಕರಣೆ ಬಿಟ್ಟುಹೋಗಲಿಲ್ಲ. ಒಂದು ನೋಟ ಬಿಟ್ಟುಹೋದರು. ಶಿಷ್ಯರು ಪಿಎಚ್.ಡಿ. ಮಾಡಬೇಕೆಂದರೆ ನೋಟ ಸಾಲದು.

ಇದು ಎದ್ದು ಕಾಣುವುದು 1967ರ ದ ನ್ಯೂ ಇಂಡಸ್ಟ್ರಿಯಲ್ ಸ್ಟೇಟ್‌ನಲ್ಲಿ. ಅಲ್ಲಿ ಅವರು 1903ರ ಫೋರ್ಡ್ ಕಾರನ್ನೂ 1964ರ ಮಸ್ಟಾಂಗ್ ಕಾರನ್ನೂ ಅಕ್ಕಪಕ್ಕ ಇಡುತ್ತಾರೆ. ಮೊದಲನೆಯದು ಕಂಪನಿ ಶುರುವಾದ ಕೆಲವೇ ತಿಂಗಳಲ್ಲಿ ಮಾರುಕಟ್ಟೆಗೆ ಬಂತು. ಎರಡನೆಯದಕ್ಕೆ ಮೂರೂವರೆ ವರ್ಷ, ವಿನ್ಯಾಸಕ್ಕೆ 90 ಲಕ್ಷ ಡಾಲರ್, ಯಂತ್ರೋಪಕರಣಕ್ಕೆ 5 ಕೋಟಿ ಡಾಲರ್. ಇಷ್ಟು ಹಣ, ಇಷ್ಟು ಕಾಲ ಸುರಿಯುವ ಕಂಪನಿ ಗಿರಾಕಿ ಏನು ಕೇಳುತ್ತಾನೋ ನೋಡೋಣ ಎಂದು ಕಾಯುವುದಿಲ್ಲ. ಗಿರಾಕಿಯನ್ನೂ ಯೋಜನೆಯೊಳಗೆ ಸೇರಿಸಿಕೊಳ್ಳುತ್ತದೆ. ನಡೆಸುವವರು ಷೇರುದಾರರಲ್ಲ, ಒಳಗಿನ ಎಂಜಿನಿಯರ್, ಮ್ಯಾನೇಜರ್, ತಜ್ಞರ ಗುಂಪು. ಉದಾಹರಣೆ ಅದ್ಭುತ. ಬೆಲೆ ಇಲಾಖೆಯ ಮೇಜಿನಿಂದ ಕಂಡ ಅದೇ ನಾಲ್ಕಾರು ದೊಡ್ಡ ಕಂಪನಿಗಳು ಇಲ್ಲಿ ಮತ್ತೆ ಬಂದಿವೆ.

ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ ಅದೇ ವರ್ಷ ಇದನ್ನು ಎಳೆಎಳೆಯಾಗಿ ಬಿಡಿಸಿದರು. ಎಲ್ಲ ಉದ್ಯಮವೂ ಫೋರ್ಡ್ ಥರ ಇಲ್ಲವಲ್ಲ? ಜಾಹೀರಾತು ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಗಿರಾಕಿಯನ್ನು ಎಳೆಯುತ್ತದೆ, ಒಟ್ಟು ಬೇಡಿಕೆಯನ್ನೇ ಅದು ಆಳುತ್ತದೆ ಎನ್ನಲು ಪುರಾವೆ ಎಲ್ಲಿ? ಮ್ಯಾನೇಜರುಗಳು ಲಾಭ ಬಿಟ್ಟು ಬೇರೇನೋ ಹುಡುಕುತ್ತಾರೆ ಎನ್ನಲು ಅಂಕಿಅಂಶ ಎಲ್ಲಿ? ಆಮೇಲೆ ಕಾಲವೂ ಸೊಲೊ ಪರವೇ ಸಾಕ್ಷಿ ಹೇಳಿತು. 1970ರ ದಶಕದಲ್ಲಿ ಜಪಾನಿನ ಕಾರುಗಳು ಬಂದಾಗ ಗಿರಾಕಿಯನ್ನು ಹಿಡಿತದಲ್ಲಿಟ್ಟುಕೊಂಡಿವೆ ಎಂದುಕೊಂಡಿದ್ದ ಡೆಟ್ರಾಯಿಟ್ ಕಂಪನಿಗಳು ತತ್ತರಿಸಿದವು. ಆ ದೈತ್ಯ ಕಂಪನಿಗಳು ಕೂಡ ಸೋಲಬಹುದು ಎಂಬುದಕ್ಕೆ ಗಾಲ್ಬ್ರೈತ್ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಅವರ ಮಾತಿನ ಬಗ್ಗೆ ಒಂದು ಪ್ರಸಂಗ, ಅವರೇ ಬರೆದದ್ದು. ಚಿಕ್ಕವರಿದ್ದಾಗ ಹಳ್ಳಿಯ ಹರಾಜಿನ ಜಾಗದಲ್ಲಿ ಅಪ್ಪ ರಾಜಕೀಯ ಭಾಷಣ ಮಾಡಬೇಕಿತ್ತು. ವೇದಿಕೆ ಇರಲಿಲ್ಲ. ದೊಡ್ಡ ಗೊಬ್ಬರದ ಗುಡ್ಡೆ ಹತ್ತಿದರು. ಎದುರಾಳಿ ಟೋರಿ ಪಕ್ಷದ ವೇದಿಕೆಯಿಂದ ಮಾತಾಡಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ ಎಂದರು. ಜನ ಬಿದ್ದು ಬಿದ್ದು ನಕ್ಕರು. ಮನೆಗೆ ಹೋಗುವಾಗ ಮಗ ಹೊಗಳಿದ. ಅಪ್ಪ ಹೇಳಿದ್ದು: ಚೆನ್ನಾಗಿತ್ತು, ಆದರೆ ಒಂದು ಓಟೂ ಬದಲಾಗಲಿಲ್ಲ. 1977ರಲ್ಲಿ ಬಿಬಿಸಿಗಾಗಿ ಗಾಲ್ಬ್ರೈತ್ ಮಾಡಿದ ದಿ ಏಜ್ ಆಫ್ ಅನ್‌ಸರ್ಟನ್ಟಿ ಸರಣಿ ನೋಡುವಾಗ ನನಗೆ ಈ ಪ್ರಸಂಗ ನೆನಪಾಗುತ್ತದೆ. 13 ಕಂತು, ಅಂದವಾದ ಮಾತು. ಫ್ರೀಡ್‌ಮನ್ 1980ರಲ್ಲಿ ತಮ್ಮ 10 ಕಂತಿನ ಸರಣಿಯಲ್ಲಿ ಉತ್ತರ ಕೊಟ್ಟರು. ಆ ವರ್ಷ ಗೆದ್ದದ್ದು ರೇಗನ್. ಶ್ರೀಮಂತರ ತೆರಿಗೆ ಇಳಿಸಿದರೆ ಬಡವರಿಗೂ ತಲುಪುತ್ತದೆ ಎಂಬ ಹೊಸ ಸರ್ಕಾರದ ವಾದಕ್ಕೆ ಗಾಲ್ಬ್ರೈತ್ ಒಂದು ಹಳೆಯ ಮಾತು ತೆಗೆದರು: ಕುದುರೆಗೆ ಹೊಟ್ಟೆ ತುಂಬ ಓಟ್ಸ್ ತಿನ್ನಿಸಿದರೆ ರಸ್ತೆಯಲ್ಲಿ ಗುಬ್ಬಚ್ಚಿಗೂ ಒಂದಿಷ್ಟು ಸಿಗುತ್ತದೆ. ಜನ ನಕ್ಕರು, ತೆರಿಗೆಯೂ ಇಳಿಯಿತು.

ಫ್ರೀಡ್‌ಮನ್ ತುಂಬ ಕುಳ್ಳಗಿದ್ದರು. ಷಿಕಾಗೋದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಹೆಸರಿನಲ್ಲಿ ಒಂದು ಜೋಕ್ ಓಡಾಡುತ್ತದೆ. ಎಲ್ಲ ಶ್ರೇಷ್ಠ ಅರ್ಥಶಾಸ್ತ್ರಜ್ಞರೂ ಎತ್ತರದವರು, ಇಬ್ಬರನ್ನು ಬಿಟ್ಟು: ಗಾಲ್ಬ್ರೈತ್ ಮತ್ತು ಫ್ರೀಡ್‌ಮನ್. ನಿಮ್ಮ ಮೇಷ್ಟ್ರಿಗೆ ಇದು ಇಷ್ಟವಾಗುತ್ತದೆ, ಧಾರಾಳವಾಗಿ ಬಳಸಿ. ಗಾಲ್ಬ್ರೈತ್ 2006ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು.

ಓದಲು ಎಲ್ಲಿಂದ ಶುರು? ದ ಗ್ರೇಟ್ ಕ್ರ್ಯಾಶ್. ಚಿಕ್ಕದು, ಎರಡು ಸಂಜೆಗೆ ಮುಗಿಯುತ್ತದೆ. ಆಮೇಲೆ ದೆಹಲಿಯ ದಿನಚರಿ, ಅಂಬಾಸಿಡರ್ಸ್ ಜರ್ನಲ್. ಅದರಲ್ಲಿ 1962ರ ಅಕ್ಟೋಬರ್, ನವೆಂಬರ್ ಪುಟಗಳನ್ನಾದರೂ ಓದಿ. ಅಫ್ಲುಯೆಂಟ್ ಸೊಸೈಟಿಯನ್ನು ಹಯೆಕ್ ಉತ್ತರದ ಜೊತೆ ಇಟ್ಟುಕೊಂಡು ಓದಿ. ನ್ಯೂ ಇಂಡಸ್ಟ್ರಿಯಲ್ ಸ್ಟೇಟ್ ಪೂರ್ತಿ ಬೇಡ, ಮಸ್ಟಾಂಗ್ ಇರುವ ಅಧ್ಯಾಯ ಸಾಕು. ಸೆಮಿನಾರಿಗೆ ಮಾತ್ರ ಯಾರೂ ಓದದ ಆ ಬೆಲೆ ನಿಯಂತ್ರಣದ ಪುಸ್ತಕವನ್ನೇ ಹಿಡಿಯಿರಿ ಎಂದು ನನ್ನ ಸಲಹೆ. ತೆಳ್ಳನೆಯ ಪುಸ್ತಕ. ಗಾಲ್ಬ್ರೈತ್ ಬರಹಗಾರ ಅಷ್ಟೇ ಅನ್ನುವವರು ಸಾಮಾನ್ಯವಾಗಿ ಅದನ್ನು ಓದಿರುವುದಿಲ್ಲ. ಜೊತೆಗೆ ಸೊಲೊ ವಿಮರ್ಶೆ ಹುಡುಕಿ. ಅದು 1967ರ ಶರತ್ಕಾಲದ ದ ಪಬ್ಲಿಕ್ ಇಂಟರೆಸ್ಟ್ ಪತ್ರಿಕೆಯಲ್ಲಿದೆ, ಗಾಲ್ಬ್ರೈತ್ ಕೊಟ್ಟ ಉತ್ತರವೂ ಅದೇ ಸಂಚಿಕೆಯಲ್ಲಿದೆ.